ತೂತಿನ ಮಡಕೆಯ ಅಂಜೂರ

ನಿಮ್ಮಜ್ಜಿಯ ಅಜ್ಜಿಗೂ ಎಷ್ಟೋ ಮೊದಲು ಹಾಲಗಿರಿ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ಹಲ್ಲಿಗೆ ಚುಚ್ಚಿಕೊಳ್ಳಲು ಒಂದು ಹಸಿರು ಕಡ್ಡಿಯೂ ಸಿಗುತ್ತಿರಲಿಲ್ಲ. ಮೊದಲಿನಿಂದ ಹಾಗಿರಲಿಲ್ಲ. ಒಂದು ದಿನ ಬೂದಗಣ್ಣ ಎಂಬ ಮಾಂತ್ರಿಕ ಅರಮನೆಗೆ ಬಂದು, "ಅರಸಾ, ನಿನ್ನ ಸಿಂಹಾಸನ ನನಗೆ ಕೊಡು" ಎಂದ. ಅರಸ ನಕ್ಕುಬಿಟ್ಟ. ನಗಬಾರದಿತ್ತು. ಮಾಂತ್ರಿಕ ಅಂಗೈಯ ಬೂದಿಯನ್ನು ಊದಿ ಶಾಪ ಕೊಟ್ಟ.

"ಈ ನೆಲದಲ್ಲಿ ಬೇರು ಬಿಟ್ಟದ್ದೆಲ್ಲ ಬೂದಿಯಾಗಲಿ. ಈ ಗಾಳಿಯಲ್ಲಿ ಅರಳಿದ ಹೂವೆಲ್ಲ ಉದುರಲಿ. ಹಾಲಗಿರಿಯಲ್ಲೇ ಮಾಗಿದ ಒಂದು ಹಣ್ಣನ್ನು ಯಾರಾದರೂ ತಿಂದರೆ ಅಂದಿಗೆ ನನ್ನ ಮಾಯೆಯೂ ಮುಗಿಯಲಿ, ನಾನೂ ಮುಗಿಯಲಿ. ತಿನ್ನಿ ನೋಡೋಣ!"

ಬೇರಿಗೆ ನೆಲವಿಲ್ಲ, ಹೂವಿಗೆ ಗಾಳಿಯಿಲ್ಲ. ಹಣ್ಣು ಎಲ್ಲಿಂದ ಬರಬೇಕು? ಜನ ಗಡಿಯಾಚೆಯಿಂದ ಕಾಳು ಹೊತ್ತು ತಂದು ಗಂಜಿ ಕುಡಿದು ದಿನ ನೂಕಿದರು.

ಅದೇ ರಾಜ್ಯದಲ್ಲಿ ಕುಂಬಾರ ಸಾಯಣ್ಣನಿದ್ದ. ಅವನ ಹೆಂಡತಿ ಭೀಮವ್ವನ ಬಾಯಿ ಊರಿಗೇ ಹೆಸರುವಾಸಿ. ಒಮ್ಮೆ ದಾರಿಯಲ್ಲಿ ಮಾಂತ್ರಿಕ ಎದುರಾದಾಗ ಅವಳು ಸುಮ್ಮನಿರಲಿಲ್ಲ. "ನಿನ್ನ ಬಾಯಾಗ ಮಣ್ಣ ಬೀಳಲಿ! ಉಣ್ಣೂ ಮಂದಿ ಅನ್ನ ಕಸಗೊಂಡಿಯಲ್ಲೋ!" ಎಂದು ಬೀದಿಯಲ್ಲೇ ನೀರಿಳಿಸಿದಳು.

"ಈಕೆಗೆ ಒದರೂ ಚಟ ಭಾಳ ಐತಿ. ಒದರಲಿ ಬಿಡು" ಎಂದು ಬೂದಗಣ್ಣ ಬೂದಿ ಊದಿದ. ಭೀಮವ್ವ ನಿಂತಲ್ಲೇ ಕತ್ತೆಯಾದಳು. "ಮೂರನೇ ಯುಗಾದಿಯ ಹೊತ್ತು ಮುಳುಗಿತಂದ್ರ, ತಾನು ಹೆಂಗಸಾಗಿದ್ದೆ ಅನ್ನೂದನ್ನೂ ಮರೀತಾಳ" ಎಂದು ಹೇಳಿ ಹೋದ.

ಕುಂಬಾರರ ಮನೆಯಲ್ಲಿ ಕತ್ತೆ ಇರುವುದು ಹೊಸದಲ್ಲ. ಆದರೆ ಅವ್ವನೇ ಕತ್ತೆಯಾದರೆ ಮಗಳ ಗತಿ ಏನು? ದೇಮವ್ವ ಎಂಬ ಆ ಮಗಳು ಅವ್ವನ ಕೊರಳು ತಬ್ಬಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, ಅವ್ವನನ್ನೂ ಕರೆದುಕೊಂಡು ಗಡಿಯ ಕಡೆ ನಡೆದಳು. ಹಣ್ಣು ಬೆಳೆಯುವ ದಾರಿ ಯಾರಿಗಾದರೂ ಗೊತ್ತಿದ್ದೀತು ಎಂಬ ಆಸೆ ಅವಳಿಗೆ.

ಗಡಿಯ ಬಾವಿಯ ಹತ್ತಿರ ಒಬ್ಬ ಮುದುಕಿ ಕೂತಿದ್ದಳು. ದೇಮವ್ವ ಕೇಳದೆಯೇ ನೀರು ಸೇದಿ ಕೊಟ್ಟಳು. ಮುದುಕಿ ಕುಡಿದು, ಸೆರಗಿನ ಗಂಟಿನಿಂದ ಕಿರುಬೆರಳು ದಪ್ಪದ ಮೂರು ಕಡ್ಡಿ ತೆಗೆದಳು.

"ಅಂಜೂರದ ಕಡ್ಡಿ ಇವು, ತಂಗಿ. ಮಣ್ಣ ಮುಟ್ಟೂತನಕ ಒಣಗಾಂಗಿಲ್ಲ. ನೆಲದಾಗ ಊರಬ್ಯಾಡ, ಮಡಕ್ಯಾಗ ಊರು. ಮೂರ ಮಾತು ನೆನಪಿಟ್ಕೊ. ನೀರಿಗೆ ದಾರಿ ಬಿಡು. ಹಸಿವಿದ್ದಷ್ಟ ಬಡಸು. ಸತ್ತೈತಿ ಅನ್ನೂ ಮೊದಲ ಅದನ್ನ ಕೇಳಿ ನೋಡು."

"ಗಿಡ ಮಾತಾಡ್ತದೇನಜ್ಜೀ?"

"ಕೇಳೂವರಿಗೆ ಮಾತಾಡ್ತೈತಿ" ಎಂದಳು ಮುದುಕಿ. ಎಂದವಳು ಮಾಯವಾದಳು.

ದೇಮವ್ವ ಗಡಿಯಾಚೆಯ ಕೆಮ್ಮಣ್ಣು, ಹೊಳೆಯ ಮರಳು, ಹಳೆಯ ಸಗಣಿ ಗೊಬ್ಬರವನ್ನು ಚೀಲಕ್ಕೆ ತುಂಬಿದಳು. ಅವ್ವ ಬೆನ್ನ ಮೇಲೆ ಹೊತ್ತು ತಂದಳು. ಸಾಯಣ್ಣ ತನ್ನ ಕೈಯ ಚೆಂದದ ಮಡಕೆಯನ್ನೇ ಕೊಟ್ಟ. ಮೊದಲ ಕಡ್ಡಿ ಊರಿದಳು. ಎಳೆಯ ಚಿಗುರು ಬಂತು. ದೇಮವ್ವನಿಗೆ ಹಿಗ್ಗೋ ಹಿಗ್ಗು. ಬೆಳಿಗ್ಗೆ ಒಂದು ತಂಬಿಗೆ ನೀರು, ಮಧ್ಯಾಹ್ನ ಒಂದು ತಂಬಿಗೆ, ಸಂಜೆ ಮತ್ತೊಂದು. ಅವಳು ತಂಬಿಗೆ ಎತ್ತಿದಾಗಲೆಲ್ಲ ಕತ್ತೆ ಜೋರಾಗಿ ಒದರುತ್ತಿತ್ತು. "ಅವ್ವಗ ನೀರಡಿಕಿ ಆಗೇತಿ" ಎಂದು ಅವಳು ಕತ್ತೆಗೂ ನೀರಿಡುತ್ತಿದ್ದಳು. ಕತ್ತೆ ಮುಟ್ಟುತ್ತಿರಲಿಲ್ಲ.

ಇಪ್ಪತ್ತೇ ದಿನಕ್ಕೆ ಚಿಗುರು ಹಳದಿಯಾಯಿತು, ಕಡ್ಡಿ ಕೊಳೆತು ನಾರಿತು. ಮಡಕೆ ಬೋರಲು ಹಾಕಿದರೆ ಒಳಗೆ ಕೆಸರು.

"ಯಪ್ಪಾ, ಮಡಕಿ ತಳಕ್ಕ ತೂತ ಹಾಕೋಣು. ನೀರಿಗೆ ದಾರಿ ಬೇಕು" ಎಂದಳು ದೇಮವ್ವ.

ಸಾಯಣ್ಣನ ಮುಖ ಕಪ್ಪಿಟ್ಟಿತು. "ಏನಂತ ಮಾತಾಡ್ತಿ? ತೂತಿನ ಮಡಕಿ ಹೆಣದ ಸಂಗಾಟ ಸುಡುಗಾಡಿಗೆ ಹೋಗೂದು. ಬಾಳೂ ಮನಿ ಅಂಗಳದಾಗ ಯಾರರ ಇಡ್ತಾರೇನ? ನಮ್ಮ ಏಳು ತಲಿಯಾಗ ಯಾವ ಕುಂಬಾರನೂ ಹಂಗ ಮಾಡಿಲ್ಲ."

"ಕತ್ತೆಯಾದ ಹೆಂಡ್ತಿನ್ನ ಕಟ್ಟಿದ ಕುಂಬಾರನೂ ಏಳು ತಲಿಯಾಗ ಇರಲಿಲ್ಲ, ಯಪ್ಪಾ."

ಸಾಯಣ್ಣ ಎದ್ದು ತಿಗರಿಯ ಮುಂದೆ ಕೂತು ಹೊಸ ಮಡಕೆ ಮಾಡಿದ. ಹಸಿ ಮಡಕೆಯ ತಳಕ್ಕೆ ಹೆಬ್ಬೆರಳು ಒತ್ತಿ ತೂತು ಮಾಡುವಾಗ ಅವನ ಕಣ್ಣಲ್ಲಿ ನೀರು ಬಂತು. ಒಂದು ಮಾಡುವ ಕಡೆ ಎರಡು ಮಾಡಿಟ್ಟ. ದೇಮವ್ವ ಒಂದಕ್ಕೆ ಮಣ್ಣು ತುಂಬಿ ಮೂರು ಕಲ್ಲಿನ ಮೇಲೆ, ಒಲೆಯ ಮೇಲೆ ಕೂರಿಸಿದ ಹಾಗೆ, ಕೂರಿಸಿದಳು. ತೂತಿನಿಂದ ಇಣುಕಿದ ಬೇರು ಶಾಪದ ನೆಲ ಮುಟ್ಟಬಾರದಲ್ಲ! ಊರವರು ಬಂದು ನೋಡಿ, "ಯಾರ ಸತ್ತಾರ ನಿಮ್ಮನ್ಯಾಗ?" ಎಂದು ಮೂಗು ಮುರಿದರು.

ಎರಡನೆಯ ಕಡ್ಡಿ ಚಿಗುರಿತು. ಅಂಗೈಯಗಲದ ಎಲೆ ಬಿಟ್ಟಿತು. ಅಷ್ಟರಲ್ಲಿ ಒಂದು ಯುಗಾದಿ ಕಳೆದಿತ್ತು. ದೇಮವ್ವನಿಗೆ ಅವಸರ. ಅದನ್ನು ತಿಳಿದೇ ಬೂದಗಣ್ಣ ಗೊಬ್ಬರ ಮಾರುವವನ ವೇಷದಲ್ಲಿ ಬಂದ.

"ತಂಗೀ, ಇದು ಹಸಿ ಕೋಳಿಗೊಬ್ಬರ. ಮುಷ್ಟಿ ಹಾಕಿದ್ರ ಮುಂದಿನ ತಿಂಗಳು ಹಣ್ಣು, ಬುಟ್ಟಿ ಹಾಕಿದ್ರ ನಾಳಿಗೇ ಹಣ್ಣು."

ದೇಮವ್ವ ಬುಟ್ಟಿ ಪೂರ್ತಿ ಸುರಿದಳು. ಕತ್ತೆ ಅಂಗಳ ಅದುರುವಂತೆ ಒದರಿತು, ಬುಟ್ಟಿಗೆ ಒದೆಯಿತು. ಯಾರು ಕೇಳುತ್ತಾರೆ? ಮೂರು ದಿನ ಗಿಡ ಮಿರಿಮಿರಿ ಮಿಂಚಿತು. ನಾಲ್ಕನೆಯ ದಿನ ಎಲೆಯ ಅಂಚು ಸುಟ್ಟಿತು. ಹತ್ತನೆಯ ದಿನ ಬೇರು ಸಮೇತ ಕರಕಲಾಯಿತು. ಹಸಿ ಗೊಬ್ಬರದ ಬಿಸಿ ಬೇರನ್ನೇ ಸುಟ್ಟಿತ್ತು. ಹಸಿವಿದ್ದಷ್ಟು ಬಡಿಸು ಎಂದಿದ್ದಳು ಮುದುಕಿ. ದೇಮವ್ವ ಹಣೆ ಹಣೆ ಬಡಿದುಕೊಂಡಳು.

ಉಳಿದದ್ದು ಒಂದೇ ಕಡ್ಡಿ.

ಅದನ್ನು ಇನ್ನೊಂದು ತೂತಿನ ಮಡಕೆಯಲ್ಲಿ ಊರಿದಳು. ಈ ಸಲ ಅವಳು ಬೆರಳನ್ನು ಮಣ್ಣಿಗೆ ಇಳಿಸಿ, ತುದಿಗೆ ತೇವ ತಾಗದಿದ್ದರೆ ಮಾತ್ರ ನೀರು ಹಾಕಿದಳು. ತಿಂಗಳಿಗೊಮ್ಮೆ ಒಂದು ಹಿಡಿ ಹಳೆಯ ಗೊಬ್ಬರ. ಎಳೆಯದಿದ್ದಾಗ ಸೂರಿನ ನೆರಳು, ಬಲಿತ ಮೇಲೆ ಬಿಸಿಲು. ಗಿಡ ಸೊಂಟದೆತ್ತರ ಬೆಳೆಯಿತು. ಆ ವರ್ಷ ಹಾಲಗಿರಿಗೆ ಕಾಳು ಬರುವುದು ಕಡಿಮೆಯಾಗಿ ಕತ್ತೆಯ ಪಕ್ಕೆಲುಬು ಎಣಿಸುವಂತಾಗಿತ್ತು. ಮೂತಿಗೆಟಕುವಷ್ಟರಲ್ಲಿ ಹಸಿರೆಲೆ ಇದ್ದರೂ ಅದು ಒಂದೇ ಒಂದು ಎಲೆಗೆ ಬಾಯಿ ಹಾಕಲಿಲ್ಲ. ಹಗಲೆಲ್ಲ ಗಿಡದ ಪಕ್ಕ ನಿಂತು ನೊಣ ಓಡಿಸುತ್ತಿತ್ತು. ಅದನ್ನು ನೋಡಿ ಸಾಯಣ್ಣ ಗೋಡೆ ಕಡೆ ಮುಖ ತಿರುಗಿಸಿ ಅಳುತ್ತಿದ್ದ.

ಎರಡನೆಯ ಯುಗಾದಿಯೂ ಕಳೆಯಿತು. ಮಾರ್ಗಶಿರದ ಚಳಿ ಬಿತ್ತು. ಗಿಡದ ಒಂದೆಲೆ ಉದುರಿತು. ಆಮೇಲೆ ಹತ್ತು. ಆಮೇಲೆ ಎಲ್ಲವೂ. ಮಡಕೆಯಲ್ಲಿ ಬರೀ ಬೋಳು ಕೋಲು ನಿಂತಿತು. ಆಗ ಬೂದಗಣ್ಣ ಹಿರಿಯನ ವೇಷದಲ್ಲಿ ಊರವರನ್ನೆಲ್ಲ ಕಟ್ಟಿಕೊಂಡು ಬಂದ.

"ತೂತಿನ ಮಡಕಿ, ಮ್ಯಾಲ ಸತ್ತ ಗಿಡ. ಊರಿಗೇ ಅಪಶಕುನ. ಹೊರಗ ಬಿಸಾಕವ್ವಾ."

"ಬಿಸಾಕು, ಬಿಸಾಕು" ಎಂದರು ಊರವರು.

ದೇಮವ್ವನ ಎದೆ ಒಡೆಯಿತು. ಬಿಸಾಕಲೆಂದು ಮಡಕೆಯ ಕಂಠಕ್ಕೆ ಕೈ ಹಾಕಿಯೇಬಿಟ್ಟಳು. ಕತ್ತೆ ಒದರಿತು. ಎರಡು ಸಲ ಆ ಒದರಾಟ ಕೇಳದೆ ಕೆಟ್ಟದ್ದು ಅವಳಿಗೆ ನೆನಪಾಯಿತು. ಮುದುಕಿಯ ಮೂರನೆಯ ಮಾತೂ ನೆನಪಾಯಿತು. ಬಗ್ಗಿ, ಕೋಲಿನ ತೊಗಟೆಯನ್ನು ಉಗುರಿನಿಂದ ಒಂದಿಷ್ಟೇ ಕೆರೆದಳು.

ಒಳಗೆ ಹಸಿರಿತ್ತು.

"ಸತ್ತಿಲ್ಲ ಇದು, ಮಲಗೇತಿ!" ಎಂದು ಕೂಗಿದಳು. "ಚಳಿಗೆ ಮುಸುಕ ಹಾಕ್ಕೊಂಡು ಮಲಗೇತಿ. ಮಲಗಿದವರನ್ನ ಸುಡುಗಾಡಿಗೆ ಒಯ್ತೀರೇನ?"

ಊರವರು ಒಬ್ಬೊಬ್ಬರಾಗಿ ಬಂದು ಆ ಹಸಿರನ್ನು ನೋಡಿದರು. ಸತ್ತಿತೆಂದುಕೊಂಡ ಕೋಲಿನೊಳಗೆ ಹಸಿರನ್ನು ಯಾರೂ ಕಂಡಿರಲಿಲ್ಲ. ಹಿರಿಯನ ವೇಷದವನು ಹಲ್ಲು ಕಡಿಯುತ್ತ ಹಿಂದೆ ಸರಿದ.

ಚಳಿ ಸರಿದಂತೆ ಬೋಳು ಕೋಲಿನ ತುದಿ ಒಡೆಯಿತು. ಎಲೆ ಬಂತು. ಎಲೆಯ ಬುಡದಲ್ಲಿ ಒಂದೇ ಒಂದು ಹಸಿರು ಗುಂಡು ಬಂತು. ಮೂರನೆಯ ಯುಗಾದಿಯ ಹೊತ್ತಿಗೆ ಅದು ನೇರಳೆ ಬಣ್ಣಕ್ಕೆ ತಿರುಗಿ, ಮೆತ್ತಗಾಗಿ, ಕತ್ತು ಬಗ್ಗಿಸಿತು. ಯುಗಾದಿಯ ಸಂಜೆ ಬೂದಗಣ್ಣ ನಿಜರೂಪದಲ್ಲೇ ಬಂದು ನಿಂತ.

"ಸುಳ್ಳು! ಹೂವಾಗದ ಹಣ್ಣಾಗ್ತೈತೇನ? ಅರಳಿದ ಹೂವೆಲ್ಲ ಉದರಲಿ ಅಂದೀನಿ ನಾನು. ಹೂವೆಲ್ಲಿ, ತೋರ್ಸು!"

ದೇಮವ್ವ ಹಣ್ಣನ್ನು ಕಿತ್ತು ಎರಡು ಹೋಳು ಮಾಡಿದಳು. ಒಳಗೆ ಸಾವಿರ ಸಣ್ಣ ಕೆಂಪು ಹೂವು ಒತ್ತೊತ್ತಾಗಿ ಕೂತಿದ್ದವು. ಅಂಜೂರ ತನ್ನ ಹೂವನ್ನು ಹೊಟ್ಟೆಯೊಳಗೇ ಅರಳಿಸಿಕೊಳ್ಳುತ್ತದೆ. ಅಲ್ಲಿಗೆ ಯಾವ ಶಾಪದ ಗಾಳಿ ಹೋದೀತು?

ಹೊತ್ತು ಮುಳುಗಲು ಒಂದು ಗೆರೆ ಬಾಕಿಯಿತ್ತು. ದೇಮವ್ವ ಅಂಗೈ ಚಾಚಿದಳು. ಕತ್ತೆ ಹಣ್ಣು ತಿಂದಿತು.

ಕತ್ತೆ ಹೋಯಿತು, ಭೀಮವ್ವ ನಿಂತಳು. ಮೂರು ವರ್ಷದ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಇದು: "ನೀರ ಜಾಸ್ತಿ ಹಾಕಬ್ಯಾಡ, ಹಾಕಬ್ಯಾಡ ಅಂತ ಎಷ್ಟ ಒದರಿದೆನಲ್ಲೇ ಮಗಳ!"

ದೇಮವ್ವ ನಗುತ್ತಾ ಅಳುತ್ತಾ ಅವ್ವನ ಕೊರಳಿಗೆ ಬಿದ್ದಳು. ಇತ್ತ ಬೂದಗಣ್ಣ ಕಾಲಿಂದ ತಲೆಯವರೆಗೆ ಬೂದಿಯಾಗಿ ಕುಸಿದ. ಸಾಯಣ್ಣ ಆ ಬೂದಿಯನ್ನು ಬಾಚಿ ಗಿಡದ ಬುಡಕ್ಕೆ ಸುರಿಯಲು ಹೋದ. "ಒಂದ ಹಿಡಿ ಸಾಕು!" ಎಂದು ತಾಯಿ ಮಗಳು ಒಟ್ಟಿಗೆ ಕೂಗಿದರು.

ಮರುದಿನ ನೆಲದಲ್ಲಿ ಹುಲ್ಲು ಮೂಡಿತು. ಅರಸ ತಾನೇ ಬಂದು ಕೈ ಮುಗಿದ, ಈ ಸಲ ನಗಲಿಲ್ಲ. ಹಾಲಗಿರಿಯಲ್ಲಿ ಅಂದಿನಿಂದ ಹೊಸ ಪದ್ಧತಿ ಬಂತು. ಮದುವೆಯಾದ ಹುಡುಗಿ ಗಂಡನ ಮನೆಗೆ ಹೋಗುವಾಗ ತವರಿನವರು ಉಡಿ ತುಂಬಿ, ಕೈಗೆ ತೂತಿನ ಮಡಕೆಯೊಂದನ್ನು ಕೊಡುತ್ತಾರೆ. ಅದರಲ್ಲಿ ಕಿರುಬೆರಳು ದಪ್ಪದ ಅಂಜೂರದ ಕಡ್ಡಿ ಇರುತ್ತದೆ. ಚಳಿಗಾಲದಲ್ಲಿ ಎಲೆ ಉದುರಿದರೆ ಯಾರೂ ಹೆದರುವುದಿಲ್ಲ. ಉಗುರಿನಿಂದ ಮೆಲ್ಲಗೆ ಕೆರೆದು ನೋಡಿ, "ಮಲಗೇತಿ" ಎಂದು ನಕ್ಕು, ತಮ್ಮ ಕೆಲಸಕ್ಕೆ ಹೋಗುತ್ತಾರೆ.