ಹುಡುಕಿದ್ದೊಂದು, ಸಿಕ್ಕಿದ್ದೊಂದು

"ಇವತ್ತು ಸಂಜಿ ಒಳಗ ವೆಬ್‌ಸೈಟ್ ಕೆಡಿಸಿದವ ಸಿಗಲಿಲ್ಲಂದ್ರ ನನ್ನ ಕೆಲಸ ಹೋಗತೈತ್ರಿ," ಎಂದು ಸಮೃದ್ಧಿ ಹಿಂದವಾಡಿಯ ಶಾಂತಮ್ಮನವರ ಪಡಸಾಲೆಯಲ್ಲಿ ಕಣ್ಣೊರೆಸಿಕೊಂಡಳು.

ಓಣಿಯ ತಂಟೆ ತಕರಾರಿಗೆಲ್ಲ ಶಾಂತಮ್ಮನವರೇ ಪೊಲೀಸು, ಅವರೇ ಕೋರ್ಟು. "ಮೊದಲ ಉಸಿರು ಬಿಡು, ಆಮ್ಯಾಲ ಹೇಳು," ಎಂದರು. ಅವರ ತಂಗಿಯ ಮಗಳು ಮಯೂರಿ ಆಗಲೇ ಕಾರಿನ ಕೀಲಿ ಹುಡುಕುತ್ತಿದ್ದಳು.

ಉದ್ಯಮಬಾಗದ ಗುರುಪುತ್ರಪ್ಪನವರು ಪಂಪಿನ ಬಿಡಿಭಾಗ ಮಾರುವವರು. ಅವರ ವೆಬ್‌ಸೈಟ್ ಸಮೃದ್ಧಿಯ ಜವಾಬ್ದಾರಿ. ಮೊದಲೆಲ್ಲ ಅದರಲ್ಲಿ ಸಾಮಾನಿನ ಹೆಸರು ಬರೆದರಷ್ಟೇ ಉತ್ತರ ಬರುತ್ತಿತ್ತು.

"ಮಂದಿ ಸಾಮಾನು ಹುಡುಕಾಂಗಿಲ್ರಿ, ತ್ರಾಸು ಹುಡುಕ್ತಾರ. 'ನೀರು ಏರವಲ್ದು', 'ಪಂಪ್ ಗುರ್ ಅಂತೈತಿ' ಅಂತ ಬರೀತಾರ. ತ್ರಾಸಿಗೆ ತಕ್ಕ ಸಾಮಾನು ಬರೂ ಹಂಗ ಮಾಡಿದೆ. ಈಗ ಯಾರೋ ಉತ್ತರ ಕೆಡಿಸ್ಯಾರ. ತರಿಸಿದ್ದು ಯಾರ ಪಂಪಿಗೂ ಕೂಡವಲ್ದು."

"ಎಲ್ಲಾ ಕೆಟ್ಟಾವೇನು?" ಶಾಂತಮ್ಮ ಕೇಳಿದರು.

"'ಮುಟ್ಟಿದ್ರ ಶಾಕ್ ಹೊಡೀತೈತಿ' ಅನ್ನೂದೊಂದು ಸರಿ ಐತ್ರಿ. ಇನ್ನೊಂದು ಮಾತೂ ಬಾಳ ಮಂದಿ ಬರೀತಾರ. ಅದು ಸಾಮಾನಲ್ಲ ಅಂತ ನಾನ ಬಿಟ್ಟೀನಿ."

ಪಾಸ್‌ವರ್ಡ್ ಸಮೃದ್ಧಿಯನ್ನು ಬಿಟ್ಟರೆ ಇಬ್ಬರಿಗೇ ಗೊತ್ತು. ಹಳೆಯ ಸೈಟು ಮಾಡಿದ್ದ ಸಂಜಯ, ಖಾನಾಪುರ ಶಾಖೆಯ ಕೌಂಟರಿನ ಬಾಳೇಶ.

ಮಯೂರಿಗೆ ಸಂಜಯನ ಮೇಲೆಯೇ ಅನುಮಾನ. ಉದ್ಯಮಬಾಗದಲ್ಲಿ ಸಿಕ್ಕ ಅವನು ಮೀಸೆಯಡಿ ನಗುತ್ತಿದ್ದ. "ಹಳೇದ ಚಲೋ ಇತ್ತು ಅಂತ ಹೇಳಿದ್ದೆ."

"ನೀರು ಏರಲಿಲ್ಲಂದ್ರ ಯಾವ ಸಾಮಾನು ಬೇಕಪಾ?" ಶಾಂತಮ್ಮ ಕೇಳಿದರು.

"ನನಗೇನು ಗೊತ್ರೀ? ಹೆಸರು ಹೇಳ್ರಿ, ಹುಡುಕಿ ಕೊಡ್ತೀನಿ."

ಅವನನ್ನೂ ಗುರುಪುತ್ರಪ್ಪನವರನ್ನೂ ಕೂರಿಸಿಕೊಂಡು ಖಾನಾಪುರದ ದಾರಿ ಹಿಡಿದು ದೇಸೂರ ದಾಟಿದರು. ಕಾರಿನಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ.

ಖಾನಾಪುರದ ಅಂಗಡಿಯಲ್ಲಿ ಭೀಮಕ್ಕ ಎಂಬ ಗಿರಾಕಿ ಬೈಯುತ್ತ ನಿಂತಿದ್ದಳು. "ಕೂಡದ ವಾಲ್ವ್ ಕಳಿಸ್ತೀರೇನು? ಪುಣ್ಯಾಕ ಬಾಳೇಶ ಅದಾನ. ನಾ ಏನೂ ಹೇಳದ, ವಾಪಸ್ ತಂದ ಗಂಟು ಬಿಚ್ಚೂದರಾಗ ಸರಿ ಇದ್ದದ್ದು ಮುಂದ ಇಟ್ಟ!"

ಎಂಥ ನುರಿತ ಕೈ ಎಂದು ಮಯೂರಿ ಮೆಚ್ಚಿದಳು. ಶಾಂತಮ್ಮ ಮಾತ್ರ ಮೆಚ್ಚಲಿಲ್ಲ. ಭೀಮಕ್ಕ ಹೋದ ಮೇಲೆ ಎಲ್ಲರನ್ನೂ ಕೌಂಟರಿನ ಸುತ್ತ ಕರೆದರು.

"ಲಗೂನ ಹೇಳ್ತೀನಿ. ಹೊತ್ತು ಮುಳುಗೂದರಾಗ ನನಗ ಊಟ ಆಗಬೇಕು. ಗೊತ್ತಿಲ್ಲದವ ಅದಲು ಬದಲು ಮಾಡಿದ್ರ ಒಂದೆರಡಾದ್ರೂ ಹೆಂಗೋ ಕೂಡಿ ಮೋಟಾರ್ ಸುಡತಿತ್ತು. ಒಂದೂ ಕೂಡಲಿಲ್ಲ. ಅಂದ್ರ ಕೂಡದ್ದನ್ನ ಆರಿಸಿ ಇಟ್ಟಾರ. ಸಂಜಯಗ ಅಷ್ಟು ಪಂಪ್ ತಿಳಿಯಾಂಗಿಲ್ಲ. ಸಮೃದ್ಧಿ ತನ್ನ ಅನ್ನಕ್ಕ ತಾನ ಮಣ್ಣು ಹಾಕ್ಕೊಳ್ಳಾಂಗಿಲ್ಲ. ಶಾಕ್ ಉತ್ತರ ಮುಟ್ಟಿಲ್ಲ, ಯಾಕಂದ್ರ ಅದರಾಗ ಜೀವ ಹೋಗತೈತಿ. ಕೆಡಿಸಿದವಗ ಮಂದಿ ಮ್ಯಾಲ ಸಿಟ್ಟಿಲ್ಲ. ಮಂದಿ ತಿರುಗಿ ಬರಬೇಕಾಗಿತ್ತು, ಅಷ್ಟ. ಬಾಳೇಶಾ, ಗಂಟಿನೊಳಗ ಏನೈತಿ ಅಂತ ಬಿಚ್ಚೂಕಿಂತ ಮೊದಲ ನಿನಗ ಹೆಂಗ ಗೊತ್ತಾತು?"

ಬಾಳೇಶನ ಮುಖ ಬಿಳಿಚಿಕೊಂಡಿತು. "ಈ ಸಮೃದ್ಧಿ ಇಲ್ಲೇ ಬಾಜೂಕ ಕುಂತು, ಗಿರಾಕಿ ಹೆಂಗ ಕೇಳ್ತಾರ, ನಾ ಏನ ಹೇಳ್ತೀನಿ ಎಲ್ಲಾ ಕೇಳಿಸ್ಕೊಂಡ್ಲು. ಅದನ್ನೆಲ್ಲ ಮಷೀನಿಗೆ ಹಾಕಿದ್ಲು. ಇನ್ನ ನನ್ನ ಯಾರು ಕೇಳ್ತಾರ್ರೀ?"

ಗುರುಪುತ್ರಪ್ಪನವರು ಸಿಟ್ಟಿನಿಂದ ಎದ್ದರು. ಶಾಂತಮ್ಮ ಕೈಯೆತ್ತಿ ತಡೆದು ಸಮೃದ್ಧಿಯತ್ತ ತಿರುಗಿದರು. "ಸಾಮಾನಲ್ಲ ಅಂತ ಬಿಟ್ಟಿದ್ದಿ ನೋಡು, ಆ ಮಾತು ತೋರಿಸು."

ಸಮೃದ್ಧಿ ನಾಲಿಗೆ ಕಚ್ಚಿಕೊಂಡು ಪರದೆ ತಿರುಗಿಸಿದಳು. ಗಿರಾಕಿಗಳು ಹುಡುಕಾಟದ ಜಾಗದಲ್ಲಿ ಮತ್ತೆ ಮತ್ತೆ ಬರೆದಿದ್ದರು: "ಬಾಳೇಶಣ್ಣ ಅಂಗಡ್ಯಾಗ ಅದಾನೇನು?" ಪ್ರತಿ ಸಲವೂ ಕೆಳಗೆ ಒಂದೇ ಉತ್ತರ: "ಏನೂ ಸಿಗಲಿಲ್ಲ."

ಬಾಳೇಶ ಓದಿದ. ಮತ್ತೊಮ್ಮೆ ಓದಿ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡ. ಗುರುಪುತ್ರಪ್ಪನವರು ಕೂತರು.

"ತಪ್ಪಾತು ತಂಗಿ. ಕೆಡಿಸಿದ್ದೆಲ್ಲ ನಾನ ಸರಿ ಮಾಡ್ತೀನಿ," ಎಂದ ಬಾಳೇಶ.

ಸಮೃದ್ಧಿ ತನ್ನ ಪಕ್ಕಕ್ಕೆ ಕುರ್ಚಿ ಎಳೆದಳು. "ಅದು ಆಮ್ಯಾಲ. ಕುಂದರ್ರಿ ಅಣ್ಣಾ, ಮೊದಲ ನಿಮ್ಮನ್ನ ಹುಡುಕಿದ್ರ ಸಿಗೂ ಹಂಗ ಮಾಡೂಣು."