ಶಿವಲಿಂಗವ್ವನ ತವರುಮನೆ

"ಪರಾಗ ಅಂದ್ರ ನೀವ ಏನ್ರಿ?"

ಖಾನಾಪುರ ಸ್ಟೇಷನ್ನಿನಲ್ಲಿ ಚಹಾ ಕುಡಿಯುತ್ತಿದ್ದ ಯುವಕ ತಲೆಯೆತ್ತಿದ. ಸಮೃದ್ಧಿ ಅವನ ಮೂಗು, ಹುಬ್ಬು, ಗಲ್ಲವನ್ನೇ ದಿಟ್ಟಿಸಿದಳು. ಅಜ್ಜಿಯ ಚಹರೆ ಎಲ್ಲಿಯಾದರೂ ಸಿಕ್ಕೀತೇ?

"ಹೌದ್ರಿ. ಹಿಂಗ್ಯಾಕ ನೋಡಾಕತ್ತೀರಿ?" ಅವನು ನಕ್ಕ. ಅವಳು ನಾಚಿ ಕಣ್ಣು ತಗ್ಗಿಸಿದಳು.

ಅವಳ ಅಪ್ಪನ ತಾಯಿ ಶಿವಲಿಂಗವ್ವ ಮೂರು ವರ್ಷದವಳಿದ್ದಾಗ, ಬೆಳಗಾವಿಗೆ ಬಂದ ರೈಲಿನಲ್ಲಿ ಒಂಟಿಯಾಗಿ ಅಳುತ್ತ ಸಿಕ್ಕಿದ್ದಳು. ಅಲ್ಲಿನ ವಡಗಾವಿಯ ನೇಕಾರರೊಬ್ಬರು ಸಾಕಿದರು. ಯಾರ ಮಗಳು, ಯಾವ ಊರು... ಎಪ್ಪತ್ತು ವರ್ಷವಾದರೂ ತಿಳಿದಿರಲಿಲ್ಲ. ಅದಕ್ಕೇ ಸಮೃದ್ಧಿ ತನ್ನ ಉಗುಳನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿದ್ದಳು. ವರದಿಯಲ್ಲಿ ಬಂದದ್ದು ಒಂದೇ ಹೆಸರು. ಪರಾಗ, ಖಾನಾಪುರ, ಹತ್ತಿರದ ರಕ್ತಸಂಬಂಧಿ. ಅವನಿಗೆ ಸಂದೇಶ ಕಳಿಸಿ ಈ ಭೇಟಿ ಗೊತ್ತು ಮಾಡಿದ್ದಳು.

"ನಮ್ಮ ಆಜಿಯ ತಂಗಿ ಸಣ್ಣಾಕಿ ಇದ್ದಾಗ ಇದ ಸ್ಟೇಷನ್ನದಾಗ ಕಳದಾಳ," ಎಂದ ಪರಾಗ. "ಆದ್ರ ಆಜಿಗಿ ಈಗ ಹೇಳೂದು ಬ್ಯಾಡ್ರಿ. ಸುಳ್ಳಾದ್ರ ತಡ್ಕೊಳ್ಳೂದಿಲ್ಲ. ಮೊದಲ ನಾವು ಖಾತ್ರಿ ಮಾಡ್ಕೊಳ್ಳೂಣು."

ಅದಕ್ಕೆ ಆರು ಭಾನುವಾರ ಹಿಡಿಯಿತು. ವಡಗಾವಿಯ ಓಣಿಗಳಲ್ಲಿ ಹಿರಿಯರನ್ನು ಕೇಳುತ್ತ ಇಬ್ಬರೂ ಅಲೆದರು. ಕೊನೆಗೆ ಹಳೆಯ ಪಂಚಾಂಗವೊಂದರ ಅಂಚಿನಲ್ಲಿ, ಎಳ್ಳಮಾವಾಸ್ಯೆಯ ಮರುದಿನ ಮಗು ಸಿಕ್ಕಿತೆಂಬ ಬರಹ ಕಂಡಿತು.

"ತಂಗಿ ಕಳದ ದಿನಾ ಅಂತ ಪ್ರತಿವರ್ಷ ಅವತ್ತ ಆಜಿ ಉಪವಾಸ ಇರತಾಳ," ಎಂದ ಪರಾಗ. ಪಂಚಾಂಗ ಮುಚ್ಚುತ್ತ, "ಹುಡುಕೂದು ಮುಗೀತು. ಆದ್ರೂ ನಿಮ್ಮನ್ನ ನೋಡದ ಇರಾಕ ಆಗೂದಿಲ್ಲ ಅನಸ್ತೈತಿ..." ಎಂದ.

ಅವಳಿಗೂ ಹಾಗೇ ಅನಿಸಿತ್ತು. ಅದೇ ಭಯ. ಆಜಿಯ ಮನೆಯಲ್ಲೇ ಇರುವ ಇವನು ಅಕ್ಕನ ಮಗನ ಮಗ, ನಾನು ತಂಗಿಯ ಮಗನ ಮಗಳು... ವರಸೆಯಲ್ಲಿ ಇವನು ನನಗೆ ಅಣ್ಣನಲ್ಲವೇ?

"ಹಂಗ ಅನಬ್ಯಾಡ, ಅಣ್ಣಾ," ಎಂದವಳೇ ತಿರುಗಿ ನೋಡದೆ ನಡೆದಳು.

ಮುಂದಿನ ವಾರ ಅವಳು ಅಜ್ಜಿಯನ್ನು ಖಾನಾಪುರಕ್ಕೆ ಕರೆತಂದಳು. ಪರಾಗನಿಂದ ವಿಷಯ ತಿಳಿದಿದ್ದ ಆಜಿ ಕಾಶೀಬಾಯಿ ಹೊಸ್ತಿಲಲ್ಲೇ ಕಾಯುತ್ತಿದ್ದಳು. ತಂಗಿಯ ಮುಖವನ್ನು ಎರಡೂ ಕೈಯಿಂದ ಸವರಿದಳು.

"ಚಂಪಾ... ಅವತ್ತ ನಿನ್ನ ಕೈ ಬಿಟ್ಟಾಕಿ ನಾನ."

ಶಿವಲಿಂಗವ್ವ ಆ ಹೆಸರನ್ನು ಮೆಲ್ಲಗೆ ಎರಡು ಸಲ ಹೇಳಿಕೊಂಡಳು. "ಚಂಪಾ... ಇಷ್ಟ ಛಲೋ ಹೆಸರಿತ್ತೇನಕ್ಕಾ ನಂದು?"

ಇಬ್ಬರೂ ಅತ್ತು ಹಗುರಾದ ಮೇಲೆ ಸಮೃದ್ಧಿ ಆಜಿಗೆ, "ಇದಕ್ಕೆಲ್ಲಾ ನಿಮ್ಮ ಮೊಮ್ಮಗನ ಕಾರಣ," ಎಂದಳು.

"ಯಾವ ಮೊಮ್ಮಗ? ನನಗ ಮಕ್ಕಳ ಇಲ್ಲ, ನನ್ನವ್ವಾ. ಪರಾಗ ಮ್ಯಾಲಿನ ಖೋಲ್ಯಾಗ ಬಾಡಿಗಿ ಇರು ಸಾಲಿ ಮಾಸ್ತರ. ಚಂಪಾ ಸಿಗಲಿ ಅಂತ ನನ್ನ ಉಗುಳ ಕಳಿಸಿ, ನನಗ ಮೊಬೈಲ ಬರೂದಿಲ್ಲಂತ ಅದರಾಗ ತನ್ನ ಹೆಸರ ಹಾಕ್ಯಾನ."

ಸಮೃದ್ಧಿ ಮೆಟ್ಟಿಲುಗಳನ್ನು ಓಡುತ್ತ ಹತ್ತಿದಳು.

"ಆಜಿ ನಿಮ್ಮ ರಕ್ತಸಂಬಂಧ ಅಲ್ಲಂತ ಯಾಕ ಹೇಳಲಿಲ್ಲ?"

ಪರಾಗ ಗಾಬರಿಯಾಗಿ ಎದ್ದು ನಿಂತ. "ಆಜಿ ಅಂತ ಕರದು ಕರದು... ಅದು ನೆನಪ ಇರಲಿಲ್ರಿ." ಅಷ್ಟರಲ್ಲಿ ಅವನಿಗೆಲ್ಲ ಹೊಳೆಯಿತು. "ಅಂದ್ರ, ಅದಕ್ಕ ಅಣ್ಣಾ ಅಂದ್ರಿ? ನಾನು, ನಿಮಗ ನಾ ಬ್ಯಾಡಾದೆ ಅಂತ ತಿಳಕೊಂಡೆ."

"ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ, ಪರಾಗ."

ಅವನ ಕಣ್ಣು ತುಂಬಿ ಬಂತು. "ಹಂಗಾದ್ರ ನಿಮ್ಮನ್ನ ಕೇಳಾಕ ವಡಗಾವಿಗಿ ಯಾವಾಗ ಬರ್ಲಿ?"

ಸಮೃದ್ಧಿ ಮೊದಲ ಬಾರಿಗೆ ಅವನ ಕೈ ಹಿಡಿದಳು.

"ಅಲ್ಲಿತನಕ ಯಾಕ? ಅಜ್ಜಿ ಕೆಳಗ ಕುಂತಾಳ. ನಡೀರಿ, ಈಗ ಕೇಳೂಣು."