ಖಾಲಿ ಕುರ್ಚಿಯ ಮೇಲಿನ ಫ್ಯಾನು

"ಯಾರ್ರೀ ನನ್ನ ಫ್ಯಾನ್ ಬಂದ್ ಮಾಡಿದಂವಾ?!"

ರೂಪಾಲಿಯ ದನಿಗೆ ಇಡೀ ಕಚೇರಿ ತಲೆ ಎತ್ತಿ ನೋಡಿತು. ಅವಳ ಮೇಜಿನ ಪಕ್ಕ ಏಣಿ ಹಿಡಿದು ನಿಂತಿದ್ದ ಎತ್ತರದ ಯುವಕ ಮಾತ್ರ ಗಾಬರಿಯಾಗಲಿಲ್ಲ.

"ನಾನ ರೀ. ಸಂಗ್ರಾಮ ಅಂತ, ನಿಪ್ಪಾಣಿಯಂವ. ಸರ್ಕಾರಿ ಕಟ್ಟಡದಾಗ ಕರೆಂಟ್ ಎಲ್ಲಿ ಪೋಲಾಗಾಕತ್ತೈತಿ ನೋಡಿ ಸರಿ ಮಾಡಾಕ ಬಂದೇನಿ. ಕುರ್ಚ್ಯಾಗ ಯಾರೂ ಇರಲಿಲ್ಲ, ಆರಿಸಿದೆ."

"ನನ್ನ ಬ್ಯಾಗ್ ಇತ್ತಲ್ಲ ಕುರ್ಚಿ ಮ್ಯಾಲೆ!"

"ಬ್ಯಾಗಿಗೆ ಸೆಕಿ ಆಗೂದಿಲ್ರಿ."

ಯಾರೋ ಕಿಸಕ್ಕನೆ ನಕ್ಕರು.

'ಅಬ್ಬಾ, ಎಂಥಾ ಸೊಕ್ಕು!' ಎಂದುಕೊಂಡಳು ರೂಪಾಲಿ. ಆದರೆ ಅವನ ಕಣ್ಣಲ್ಲಿ ಸೊಕ್ಕಿರಲಿಲ್ಲ... ಅದಕ್ಕೇ ಅವಳಿಗೆ ಇನ್ನಷ್ಟು ಸಿಟ್ಟು ಬಂತು.

ಅಥಣಿಯ ಆ ಕಚೇರಿಯ ರಿವಾಜು ಹೊಸಬನಿಗೆ ಹೇಗೆ ಗೊತ್ತಾಗಬೇಕು, ಪಾಪ! ಅಲ್ಲಿ ಫ್ಯಾನು ತಿರುಗುತ್ತಿದ್ದರೆ ಆಸಾಮಿ ಹಾಜರ್ ಎಂದೇ ಲೆಕ್ಕ. ಕುರ್ಚಿಯ ಮೇಲೆ ಬ್ಯಾಗೋ ಟವೆಲ್ಲೋ ಇಟ್ಟು, ಫ್ಯಾನು ಹಚ್ಚಿ ಚಹಾಕ್ಕೆ, ಸಂತೆಗೆ, ಬೀಗರ ಮದುವೆಗೂ ಹೋಗಿಬರಬಹುದು. ಯಾರಾದರೂ ಕೇಳಿದರೆ ಜವಾನ ದಾವಲಸಾಬ ಬೆರಳು ಮೇಲೆತ್ತುತ್ತಿದ್ದ. "ಇಲ್ಲೇ ಹೋಗ್ಯಾರ್ರಿ, ಫ್ಯಾನ್ ತಿರಗಾಕತ್ತೈತಲ್ಲ!"

ರೂಪಾಲಿ ದಿನಾ ನಾಲ್ಕಕ್ಕೆ ಹೋಗುತ್ತಿದ್ದುದು ಕಚೇರಿಯ ಹಿಂದಿನ ಗೋಡೆಯಾಚೆಯ ಮೈದಾನಕ್ಕೆ. ಒಂದು ಕಾಲಕ್ಕೆ ಅವಳು ಒಳ್ಳೆಯ ಖೋ-ಖೋ ಆಟಗಾರ್ತಿ. ಈಗ ಓಣಿಯ ಹುಡುಗಿಯರಿಗೆ ಕಲಿಸುತ್ತಾಳೆ. ಮೈದಾನದಲ್ಲಿ ದೀಪವಿಲ್ಲ, ಕತ್ತಲಾದ ಮೇಲೆ ಹುಡುಗಿಯರನ್ನು ಮನೆಯವರು ಹೊರಗೆ ಬಿಡುವುದಿಲ್ಲ. ಹಾಗಾಗಿ ನಾಲ್ಕಕ್ಕೇ ಆಟ ಶುರುವಾಗಬೇಕು. ಆ ತಂಡವೆಂದರೆ ಅವಳಿಗೆ ಜೀವ. ಅದು ಒಡೆದರೆ ಉಳಿಯುವುದು ಈ ಫೈಲುಗಳು ಮಾತ್ರ...

ಸಂಗ್ರಾಮನ ಕೆಲಸ ವಾರಗಟ್ಟಲೆ ನಡೆಯಿತು. ಹಳೇ ಟ್ಯೂಬ್‌ಲೈಟು ಇಳಿಸಿದ, ಕಪಾಟು ಸರಿಸಿ ಕಿಟಕಿಗೆ ಬೆಳಕು ಬಿಡಿಸಿದ. ಒಂದು ದಿನ ಕಿಟಕಿಯಿಂದ ಮೈದಾನವೂ ಕಂಡಿತು, ರೂಪಾಲಿಯೂ ಕಂಡಳು. ಅವನು ಯಾರಿಗೂ ಹೇಳಲಿಲ್ಲ. ಮರುದಿನ ಚಹಾ ಕುಡಿಯುವಾಗ ಅವಳನ್ನೇ ಕೇಳಿದ.

"ನಿಮ್ಮ ಹುಡಿಗ್ಯಾರು ಭಾಳ ಚಲೋ ಓಡ್ತಾರ್ರಿ. ನೀವೂ ಹಿಂಗ ಓಡತಿದ್ರೇನು?"

"ನನ್ನ ಹಿಡಿದಂವ ಇನ್ನೂ ಹುಟ್ಟಿಲ್ರಿ!"

ಇಬ್ಬರೂ ನಕ್ಕರು. ಅಂದಿನಿಂದ ಚಹಾದ ಹೊತ್ತಿಗೆ ಅವಳ ಕಣ್ಣು ಅವನನ್ನೇ ಹುಡುಕುತ್ತಿತ್ತು. 'ಏನಾಗೈತಿ ನನಗ?' ಎಂದು ತನ್ನನ್ನೇ ಬೈದುಕೊಂಡರೂ ಕಣ್ಣು ಕೇಳಬೇಕಲ್ಲ!

ಕಡೆಗೆ ಬಂದವು ಸೆನ್ಸರುಗಳು. ಕುರ್ಚಿಯಲ್ಲಿ ಮನುಷ್ಯರಿಲ್ಲದಿದ್ದರೆ ಫ್ಯಾನು ತಾನೇ ನಿಲ್ಲುತ್ತದೆ.

"ಸಂಗ್ರಾಮ್... ನನ್ನ ಫ್ಯಾನಿಗೆ ಅದನ್ನ ಹಚ್ಚಬ್ಯಾಡ್ರಿ. ನಾ ಎಲ್ಲಿ ಹೋಗ್ತೀನಂತ ನಿಮಗ ಗೊತ್ತೈತಲ್ಲ."

ಅವನು ಕೈಯಲ್ಲಿದ್ದ ಸೆನ್ಸರನ್ನು ಮೇಜಿನ ಮೇಲಿಟ್ಟ. "ನಿಮ್ಮೊಬ್ಬರ್ದು ಬಿಟ್ಟು ಉಳದವರಿಗೆ ಹಚ್ಚಿದ್ರ, ನಾ ಯಾವ ಮುಖ ಹೊತ್ತು ಇಲ್ಲಿ ನಿಂದರ್ಲಿ ಹೇಳ್ರಿ?"

"ನನ್ನ ಮಾತಿಗೆ ಅಷ್ಟೂ ಕಿಮ್ಮತ್ತಿಲ್ಲ ಅಂದಂಗಾತು!"

ಅವನು ಏಣಿ ಹತ್ತಿದ. ಸೆನ್ಸರ್ ಹಚ್ಚಿ ಹೋದ.

ಆ ವಾರವೇ ಆಗಬಾರದ್ದು ಆಯಿತು. ಮೈದಾನದಿಂದ ಬಂದಾಗ ಅವಳ ಕುರ್ಚಿಯ ಪಕ್ಕ ಕಚೇರಿಯ ಮುಖ್ಯಸ್ಥ ಭೀಮಸಿ ಸಾಹೇಬರು ನಿಂತಿದ್ದರು.

"ಇನ್ನೊಮ್ಮೆ ಕೆಲಸದ ಹೊತ್ತಿನ್ಯಾಗ ಮೈದಾನ ಅಂದ್ರ ನೋಟಿಸ್ ಬರತೈತಿ ನೋಡವಾ!"

'ಮೈದಾನ ಅಂತ ಇವರಿಗೆ ಹೆಂಗ ಗೊತ್ತಾತು? ಅವನಿಗೊಬ್ಬನಿಗೇ ಗೊತ್ತಿತ್ತು... ಅವನ ಹೇಳ್ಯಾನ!' ರೂಪಾಲಿಯ ಎದೆ ಉರಿಯಿತು. ನೆಟ್ಟಗೆ ಸಂಗ್ರಾಮನ ಮುಂದೆ ಹೋಗಿ ನಿಂತಳು.

"ಚಾಡಿ ಹೇಳಿದ್ದಕ್ಕ ಏನ್ ಬಹುಮಾನ ಸಿಕ್ತರಿ?"

"ರೂಪಾಲಿ, ನಾನು..."

ಅವಳು ಕೇಳಲು ನಿಲ್ಲಲಿಲ್ಲ. ಮರುದಿನ ನಾಲ್ಕಕ್ಕೆ ಹುಡುಗಿಯರು ಕಚೇರಿಯ ಗೇಟಿಗೇ ಬಂದು ಕಾದು ಹೋದರು. ಅವಳು ಫೈಲಿನೊಳಗೆ ಮುಖ ಹುದುಗಿಸಿ ಅತ್ತಳು.

ಕೆಲವು ದಿನ ಕಳೆದು ತೆಲಸಂಗದ ವಿರುಪಾಕ್ಷಪ್ಪ ಎಂಬ ಮುದುಕ ಬಂದ. ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಅವನ ಹೆಸರು ತಪ್ಪಾಗಿತ್ತು.

"ಇವತ್ತರೆ ಸಿಕ್ಕಿಯಲ್ಲವಾ, ಪುಣ್ಯಾ ಆತು!"

"ಮೊದಲೂ ಬಂದಿದ್ರೇನ್ರಿ ಕಾಕಾ?"

"ಎಷ್ಟ ಸಲ ಅಂತಿ! ಫ್ಯಾನ್ ತಿರಗತಿತ್ತು, ಈಗ ಬರ್ತಾಳ, ಈಗ ಬರ್ತಾಳ ಅಂತ ಬಸ್ ತಪ್ಪೂತನಕ ಕುಂತಿರತಿದ್ದೆ. ಆವತ್ತ ಗಕ್ಕನ ಫ್ಯಾನ್ ನಿಂತ ಬಿಡ್ತು. ಇನ್ನ ಬರೂದಿಲ್ಲ ಅಂತ ಸಾಹೇಬ್ರನ್ನ ಕೇಳಿದೆ. ಅವರು ಹೊರಗ ಹುಡಕ್ಕೋತ ಹ್ವಾದ್ರು, ಮೈದಾನದಾಗ ನಿನ್ನ ಕಂಡ್ರು. ನಂದೇನ ತಪ್ಪಾತೇನವಾ?"

ರೂಪಾಲಿ ಪೆನ್ನು ಕೆಳಗಿಟ್ಟಳು. ಹುಡುಗಿಯರನ್ನು ಆಡಿಸಿದ ದಿನಗಳಷ್ಟೂ ನೆನಪಿಗೆ ಬಂದವು. ತನ್ನ ಮೇಜಿನೆದುರಿನ ಬೆಂಚಿನ ಮೇಲೆ ಯಾರು ಕಾಯುತ್ತಿದ್ದಾರೆ ಎಂದು ಒಂದು ದಿನವೂ ಅವಳು ಯೋಚಿಸಿರಲಿಲ್ಲ. ನಾಚಿಕೆಯಿಂದ ಮೈ ಹಿಡಿಯಾಯಿತು.

"ತಪ್ಪು ನಂದರಿ ಕಾಕಾ," ಎಂದಳು. ಅವನ ಕೆಲಸ ಮುಗಿಸಿ ಕಳುಹಿಸಿದ ಮೇಲೆ ದಾವಲಸಾಬನನ್ನು ಕೇಳಿದಳು.

"ಸಂಗ್ರಾಮ ಎಲ್ಲಿ ಅದಾರ?"

"ಹಿಂದ ಜೀಪಿನ ಶೆಡ್ಡಿನ ಕಡೆ ಅದಾರ್ರಿ ಅಕ್ಕಾರ. ಕೆಲಸ ಮುಗೀತಂತ, ನಾಳೆ ರಾಯಬಾಗಕ್ಕ ಹೊಂಟಾರ."

ರೂಪಾಲಿ ಓಡಿದಳು. ಹೊತ್ತು ಮುಳುಗಿತ್ತು. ಶೆಡ್ಡಿನ ಕಂಬದ ಕೆಳಗೆ ಸಂಗ್ರಾಮ ವೈರು ಸುತ್ತುತ್ತಿದ್ದ. ಮೇಲೆ ಹೊಸ ದೀಪಗಳು ಗೋಡೆಯಾಚೆಗೆ ಮುಖ ಮಾಡಿ ಉರಿಯುತ್ತಿದ್ದವು. ಮೈದಾನ ತುಂಬಾ ಬೆಳಕು!

"ಇದೇನ್ರಿ ಇದು?"

"ಇಲ್ಲಿ ಖಾಲಿ ಶೆಡ್ಡಿಗೆ ರಾತ್ರಿ ಪೂರ್ತಿ ದೊಡ್ಡ ಲೈಟ್ ಉರೀತಿದ್ದೂರಿ. ತಗದು, ಕಡಿಮಿ ಕರೆಂಟಿನವು ಹಾಕಿ ಮೈದಾನಕ್ಕ ಹೊಳ್ಳಿಸೇನಿ. ಎಂಟಕ್ಕ ತಾವ ಆರತಾವ. ಸಾಹೇಬ್ರು ಒಪ್ಪ್ಯಾರ. ಬೆಳಕಿದ್ರ ಮನ್ಯಾಗ ಬಿಡ್ತಾರಂತ ಹುಡಿಗ್ಯಾರೂ ಅಂದಾರ. ಕಚೇರಿ ಮುಗಿಸಿ ಆಡಸ್ರಿ, ಯಾರಿಗೂ ಅಂಜೂದ ಬ್ಯಾಡ."

ಅವಳು ಕಂಬದ ಹತ್ತಿರ ಬಂದಳು.

"ನೀವು ಹೇಳಿಲ್ಲಂತ ನನಗ್ಯಾಕ ಅನ್ನಲಿಲ್ಲ?"

"ನೀವು ಕೇಳಾಕ ಎಲ್ಲಿ ನಿಂತ್ರಿ?"

"ಬ್ಯಾರೆ ಯಾರರ ಹೇಳಿದ್ರ ನನಗ ಅಷ್ಟ ಸಿಟ್ಟು ಬರತಿರಲಿಲ್ರಿ. ನೀವ ಹೇಳೀರಿ ಅಂತ ಅನಕೊಂಡಿದ್ದಕ್ಕ ಜೀವಾ ಹ್ವಾದಂಗಾತು..." ಅವಳು ತಲೆ ತಗ್ಗಿಸಿದಳು. "ನೀವಂದ್ರ ನನಗ ಭಾಳ ಇಷ್ಟ. ತಪ್ಪಾತು, ಕ್ಷಮಾ ಮಾಡ್ರಿ."

ಸಂಗ್ರಾಮನ ಕೈಯಿಂದ ವೈರಿನ ಸುರುಳಿ ಜಾರಿತು.

"ರೂಪಾಲಿ... ರವಿವಾರ ಸಂಜಿಮುಂದ ನಮ್ಮ ಅವ್ವನ್ನ ಕರ್ಕೊಂಡು ನಿಮ್ಮ ಮನಿಗೆ ಬರಲೇನು?"

"ಸಂಜಿಮುಂದ ನಾ ಮನ್ಯಾಗ ಇರೂದಿಲ್ಲಲ್ಲ! ಹುಡಿಗ್ಯಾರ ಜೋಡಿ ಇರ್ತೀನಿ," ಎಂದಳು, ಕಣ್ಣೊರೆಸಿಕೊಳ್ಳುತ್ತ.

"ಹಂಗಾರ ಮೈದಾನಕ್ಕ ಬರ್ತೀವಿ."